ಕಾರು ಎಡಕ್ಕೆ ಎಳೆಯುತ್ತಿದೆ, ಯಾವ ಗೇಜು ಕೊಳ್ಳಲಿ?

ಎರಡು ತಿಂಗಳ ಹಿಂದೆ ರಿಮೋಟ್ ರೇಸ್ ಕಾರಿನ ಬ್ಯಾಟರಿ ಬಗ್ಗೆ ಒಬ್ಬರಿಗೆ ಇಲ್ಲಿ ಉತ್ತರ ಬರೆದಿದ್ದೆ. ಅಲ್ಲಿಂದೀಚೆಗೆ ಬಂದ ಪತ್ರಗಳೆಲ್ಲ ಬ್ಯಾಟರಿ ಬಿಟ್ಟು ಚಕ್ರಕ್ಕೆ ಗಂಟುಬಿದ್ದಿವೆ. ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿದ ಕೋನ), ಟೋ (ಮೇಲಿನಿಂದ ನೋಡಿದರೆ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿದ ಕೋನ), ಡ್ರೂಪ್ (ಕಾರು ಎತ್ತಿದಾಗ ಚಕ್ರ ಹಿಡಿದ ತೋಳು ಕೆಳಗೆ ಜೋಲುವ ಅಳತೆ), ಇವನ್ನು ಅಳೆಯುವ ಸಾಮಾನು ಯಾವುದು ಕೊಳ್ಳಬೇಕು, ಯಾವುದು ಬೇಡ ಎಂಬುದೇ ಎಲ್ಲರ ಪ್ರಶ್ನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮಿಕ್ಸರ್, ಮೋಟಾರು ಪಂಪು ಎಂದು ಕೇಳಿದವರು ಮುಂದಿನ ಸಂಚಿಕೆವರೆಗೆ ತಾಳಿಕೊಳ್ಳಬೇಕು.

ಸರ್, ನನ್ನದು 1/10 ಅಳತೆಯ ಟೂರಿಂಗ್ ಕಾರು. ಐತವಾರ ಗೆಳೆಯರೆಲ್ಲ ಸೇರಿ ಖಾಲಿ ಪಾರ್ಕಿಂಗ್ ಜಾಗದಾಗ ಓಡಸ್ತೀವಿ. ಸೆಟಪ್ ಸ್ಟೇಷನ್ (ನಾಲ್ಕೂ ಚಕ್ರದ ಕೋನ ಒಟ್ಟಿಗೇ ಅಳೆಯುವ ಸಾಮಾನು) ಇಲ್ಲದ ಕಾರು ಗೆಲ್ಲಂಗಿಲ್ಲ ಅಂತ ಎಲ್ಲಾರೂ ಹೇಳ್ತಾರ. ಆ ರೊಕ್ಕದಾಗ ಇನ್ನೊಂದು ಹಳೇ ಕಾರೇ ಬರ್ತದ. ಏನ್ ಮಾಡ್ಲಿ?
ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ರೊಕ್ಕ ಸದ್ಯಕ್ಕೆ ಜೇಬಿನಾಗೇ ಇರ್ಲಿ ತಮ್ಮಾ. ನೀನು ಮೊದಲು ತರಬೇಕಾದ್ದು ಗೇಜಲ್ಲ, ಕಲ್ಲು.

ಗ್ರಾನೈಟ್ ಅಂಗಡಿಗೆ ಹೋಗು. ಅಡುಗೆಮನೆ ಕಟ್ಟೆಗೆ ಸಿಂಕ್ ಕೂರಿಸಲು ಕಲ್ಲಿನ ನಡುವೆ ಚೌಕ ಕೊರೆಯುತ್ತಾರಲ್ಲ, ಆ ತುಂಡು ಅಂಗಡಿಯ ಹಿಂದೆ ಗೋಡೆಗೆ ಒರಗಿ ನಿಂತಿರುತ್ತದೆ. ಸುಮಾರು 50 ಸೆಂ.ಮೀ. ಉದ್ದ, 40 ಅಗಲ. ನಿನ್ನ ಕಾರಿನ ಅಗಲ 19 ಸೆಂ.ಮೀ., ಆರಾಮಾಗಿ ಕೂರುತ್ತದೆ. ಕೊಳ್ಳುವ ಮೊದಲು ಒಂದು ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಇಟ್ಟು, ಹಿಂದಿನಿಂದ ಮೊಬೈಲಿನ ಟಾರ್ಚ್ ಬಿಡು. ಸ್ಕೇಲಿನ ಕೆಳಗೆ ಬೆಳಕು ನುಸುಳುವ ಕಡೆ 0.1 ಮಿ.ಮೀ. ಫೀಲರ್ ಗೇಜು (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿಸಿ ನೋಡು. ತೂರದಿದ್ದರೆ ಆ ಕಲ್ಲು ನಿನ್ನದು. ನಾನು ಪೀಣ್ಯದ ಟೂಲ್‌ರೂಮಿನಲ್ಲಿ 31 ವರ್ಷ ಇದ್ದವನು. ಅಲ್ಲಿ ಅಳತೆಗೆಂದೇ ಮಟ್ಟಸ ಮಾಡಿದ ಸರ್ಫೇಸ್ ಪ್ಲೇಟಿನ ಮುಂದೆ ಇದು ಏನೂ ಅಲ್ಲ. ಆದರೆ ಆಟದ ಕಾರಿಗೆ ಧಾರಾಳ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಶುರುಮಾಡಿದಾಗ 12 ಮಿ.ಮೀ. ಪ್ಲೈವುಡ್ ಹಲಗೆಯ ಮೇಲೆ ಅಳೆಯುತ್ತಿದ್ದೆ. ಒಂದು ಜುಲೈಯಲ್ಲಿ ಕಾರು ಎಡಕ್ಕೆ ಎಳೆಯತೊಡಗಿತು. ಸ್ಟೀರಿಂಗ್ ತಿರುಗಿಸುವ ಸರ್ವೋ ಬದಲಿಸಿದೆ, ಸ್ಪ್ರಿಂಗ್ ಬದಲಿಸಿದೆ, ಹದಿನೈದು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಕೊನೆಗೆ ಬೇಸತ್ತು ಹಲಗೆಗೇ ಮೂಲೆಯಿಂದ ಮೂಲೆಗೆ ದಾರ ಎಳೆದು ನೋಡಿದರೆ ನಡುವೆ 2 ಮಿ.ಮೀ. ಗುಳಿ! ಮಹಡಿಯ ಶೀಟಿನ ಕೆಳಗಿಟ್ಟ ಹಲಗೆ ಮಳೆಯ ತೇವಕ್ಕೆ ಬಾಗಿತ್ತು. ನೆಟ್ಟಗಿದ್ದ ಕಾರನ್ನು ನಾನೇ ದಿನಾ ಆ ಸೊಟ್ಟ ಹಲಗೆಗೆ ಹೊಂದಿಸುತ್ತಿದ್ದೆ. ಅಂದು ರಾತ್ರಿ ಅಡುಗೆಮನೆ ಕಟ್ಟೆಯ ಮೇಲಿಟ್ಟು ಅಳೆದೆ. ಟೈರಿನ ಕರಿ ಗುರುತು ಕಂಡ ಮನೆಯಾಕೆಯ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲಾರೆ.

ಕಲ್ಲಾದ ಮೇಲೆ ಎತ್ತರ ನೋಡುವ ಮೆಟ್ಟಿಲು ಗೇಜು. ಅದನ್ನು ಚಾಸಿಯ (ಕಾರಿನ ತಳಹಲಗೆ) ಅಡಿಯಲ್ಲಿ ತೂರಿಸುತ್ತಾ ಹೋದರೆ ಯಾವ ಮೆಟ್ಟಿಲಿಗೆ ತಾಗಿತೋ ಅದೇ ನೆಲದಿಂದ ಚಾಸಿಯ ಎತ್ತರ. ಟೂರಿಂಗ್ ಕಾರಿಗೆ 5 ಮಿ.ಮೀ. ಆಸುಪಾಸು ಇರುತ್ತದೆ. ನಿಮ್ಮ ಪಾರ್ಕಿಂಗ್ ಜಾಗದ ಡಾಂಬರು ಒರಟಾಗಿದ್ದರೆ ಒಂದು ಮಿ.ಮೀ. ಹೆಚ್ಚಿಸಿಕೋ. ಬ್ಯಾಟರಿ ಹಾಕಿ, ಕಾರನ್ನು ಒಂದು ಗೇಣು ಮೇಲಿಂದ ಕಲ್ಲಿನ ಮೇಲೆ ಬಿಟ್ಟು, ಅದು ಕೂತ ಮೇಲೆ ಅಳೆ. ಮೂರನೆಯದು ಕ್ಯಾಂಬರ್ ಗೇಜು, ಚಕ್ರಕ್ಕೆ ಒರಗಿಸಿ ನೋಡುವಂಥದ್ದು. ಸ್ಟೇಷನ್ ಸರದಿ ಇವೆಲ್ಲ ಆದ ಮೇಲೆ.

ಟೋ ಅಳೆಯಲು ಗೇಜೇ ಬೇಡ, ಕಾಲೇಜಿನ ವರ್ನಿಯರ್ ಸಾಕು. ಎರಡು ಚಕ್ರಗಳ ನಡುವಿನ ಅಂತರವನ್ನು ಆಕ್ಸಲ್ ಮಟ್ಟದಲ್ಲಿ ಮುಂದೊಮ್ಮೆ, ಹಿಂದೊಮ್ಮೆ ಅಳೆ. ಟೈರಿನ ವ್ಯಾಸ 63 ಮಿ.ಮೀ. ಆದರೆ ಒಂದು ಚಕ್ರ 1 ಡಿಗ್ರಿ ತಿರುಗಿದಾಗ ಬರುವ ವ್ಯತ್ಯಾಸ 1.1 ಮಿ.ಮೀ. ಎರಡೂ ಚಕ್ರ ತಿರುಗಿದ್ದರೆ 2.2. ಹಿಂದಿನ ಚಕ್ರಗಳಿಗೆ ತಲಾ 3 ಡಿಗ್ರಿ ಟೋ-ಇನ್ (ಮುಂತುದಿ ಒಳಕ್ಕೆ) ಇದ್ದರೆ 6.6 ಮಿ.ಮೀ. ಬರಬೇಕು. ಬರದಿದ್ದರೆ ಚಕ್ರ ಹಿಡಿದ ಯಾವುದೋ ತೋಳು ಬಾಗಿದೆ.

ಹುಡಿ ಕಂಪನಿಯ ಅಲ್ಯೂಮಿನಿಯಂ ಸ್ಟೇಷನ್ ಒಳ್ಳೆಯದೋ, ಅಗ್ಗದ ಅಕ್ರಿಲಿಕ್‌ನದು ಸಾಕೋ? ಬೆಲೆ ನೋಡಿ ತಲೆ ತಿರುಗುತ್ತದೆ ಮಾರಾಯ್ರೆ.
ಓದುಗರು, ಮಂಗಳೂರು

ನಿಮ್ಮೂರಲ್ಲಿ ಹುಡಿ ಅಂದರೆ ಪುಡಿ, ನಮ್ಮಲ್ಲಿ ಹೂಡಿ ಅಂದರೆ ವೈಟ್‌ಫೀಲ್ಡ್ ಕಡೆಯ ರೈಲು ನಿಲ್ದಾಣ. ನೀವು ಕೇಳಿದ ಹುಡಿ ಸ್ಲೊವಾಕಿಯಾದ ಟ್ರೆನ್ಚಿನ್ ಊರಿನದು, ಎಕ್ಸ್‌ರೇ ಕಾರು ಮಾಡುವ ಮನೆತನದ್ದೇ. ಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಸ್ಟೇಷನ್ ಮಾಡುವುದೇನು ಎಂದು ಮೊದಲು ನೋಡಿ. ನಾಲ್ಕೂ ಚಕ್ರ ಕಳಚಿ, ಆ ಜಾಗದಲ್ಲಿ ಬೇರಿಂಗ್ ಕೂರಿಸಿದ ನಾಲ್ಕು ನೆಟ್ಟಗಿನ ಹಲಗೆ ಹಾಕುತ್ತೀರಿ. ಮೆತ್ತನೆಯ ಟೈರು, ಅಲುಗುವ ರಿಮ್ಮು ಎರಡೂ ಲೆಕ್ಕದಿಂದ ಹೊರಗಾದವು. ನಾಲ್ಕು ಮೂಲೆಯ ಕ್ಯಾಂಬರು, ಟೋ ಒಟ್ಟಿಗೇ ಕಣ್ಣಮುಂದೆ ಬರುತ್ತದೆ. ಒಂದು ಕಡೆ ತಿರುಗಿಸಿದ್ದು ಇನ್ನೊಂದು ಕಡೆ ಏನು ಮಾಡಿತು ಎನ್ನುವುದೂ ತಕ್ಷಣ ಗೊತ್ತಾಗುತ್ತದೆ. ನೀವು ದುಡ್ಡು ಕೊಡುವುದು ಈ ಅನುಕೂಲಕ್ಕೆ.

ಅಕ್ರಿಲಿಕ್‌ನದೂ ಇದನ್ನೇ ಮಾಡುತ್ತದೆ. ಅಗ್ಗದ ಸೆಟ್ಟಿನಲ್ಲಿ ನಾನು ಕಂಡ ಕೊರತೆ ಬೇರಿಂಗಿನದು. ಹಲಗೆಯನ್ನು ಬೆರಳಲ್ಲಿ ಹಿಡಿದು ಒಳಗೆ ಹೊರಗೆ ಅಲುಗಿಸಿದರೆ ಟಕಟಕ ಎನ್ನುತ್ತದೆ. ಅಷ್ಟು ಪ್ಲೇ (ಸಡಿಲ) ಇದ್ದರೆ ಅರ್ಧ ಡಿಗ್ರಿ ಅಲ್ಲೇ ಹೋಯಿತು. ಕೈಯಲ್ಲಿ ಹಿಡಿದು ನೋಡಲು ಸಿಕ್ಕರೆ ನಾಲ್ಕನ್ನೂ ಕಲ್ಲಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ, ಬೇರಿಂಗ್ ತೂತುಗಳ ಎತ್ತರ ಒಂದೇ ಇದೆಯೇ ಎಂದು ವರ್ನಿಯರಿನಲ್ಲಿ ನೋಡಿ. ಒಂದೇ ಇದ್ದು, ಪ್ಲೇ ಇಲ್ಲದಿದ್ದರೆ ಅಕ್ರಿಲಿಕ್ ತಗೊಳ್ಳಿ, ನಾಚಿಕೆ ಏನೂ ಇಲ್ಲ. ಇನ್ನೊಂದು ವಿಷಯ: ಸ್ಟೇಷನ್‌ಗಳು ಕಾರಿನ ಜಾತಿಗೆ ತಕ್ಕಂತೆ ಬೇರೆಬೇರೆ ಬರುತ್ತವೆ. 1/10 ಟೂರಿಂಗ್ ಕಾರಿಗೆ ಚಕ್ರ ಕೂರುವ ಆರುಮೂಲೆಯ ಹೆಕ್ಸ್ 12 ಮಿ.ಮೀ., 1/8 ಬಗ್ಗಿಗೆ (ಮಣ್ಣಿನಲ್ಲಿ ಓಡುವ ಕಾರು) 17. ಒಂದರ ಸೆಟ್ಟು ತಂದು ಇನ್ನೊಂದಕ್ಕೆ ಸಿಕ್ಕಿಸಲು ಹೋದ ಪುಣ್ಯಾತ್ಮರನ್ನು ನೋಡಿದ್ದೇನೆ.

ಕ್ಯಾಂಬರ್ ಗೇಜು ಒಮ್ಮೆ ಮೈನಸ್ 2 ತೋರಿಸುತ್ತದೆ, ಐದು ನಿಮಿಷ ಬಿಟ್ಟು ನೋಡಿದರೆ ಮೈನಸ್ 1. ಗೇಜು ಕೆಟ್ಟಿದೆಯೇ?
ಓದುಗರು, ದಾವಣಗೆರೆ

ಗೇಜು ಪಾಪ, ಕಂಡದ್ದು ಹೇಳುತ್ತಿದೆ. ಚಕ್ರದ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಹಾಕಿ. ಗೆರೆ ಮೇಲಿದ್ದಾಗ ಒಮ್ಮೆ ಅಳೆಯಿರಿ, ಚಕ್ರ ಅರ್ಧ ಸುತ್ತು ತಿರುಗಿಸಿ ಗೆರೆ ಕೆಳಗೆ ಬಂದಾಗ ಇನ್ನೊಮ್ಮೆ. ಒಂದು 2, ಇನ್ನೊಂದು 1 ಬಂದರೆ ನಿಮ್ಮ ರಿಮ್ಮು ಸೊಟ್ಟಗಿದೆ, ಕ್ಯಾಂಬರ್ ನಿಜವಾಗಿ 1.5. ಮೇಸ್ತ್ರಿ ರಸಮಟ್ಟವನ್ನು ತಿರುವುಮುರುವು ಇಟ್ಟು ನೋಡುವುದಿಲ್ಲವೇ, ಅದೇ ಉಪಾಯ. ಸರಾಸರಿ ತೆಗೆದರೆ ಸೊಟ್ಟ ಕಳೆದುಹೋಗುತ್ತದೆ.

ಎರಡೂ ಸಲ ಒಂದೇ ಬಂದು, ಆಮೇಲೆ ಬದಲಾಯಿತೇ? ಹಾಗಾದರೆ ಪ್ಲೇ. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಬಾಲ್ ಕಪ್ (ಕಡ್ಡಿಯ ತುದಿಯಲ್ಲಿ ಗುಂಡು ಕೂರುವ ಬಟ್ಟಲು) ಸವೆದಿರಬಹುದು, ಹಬ್‌ನ ಬೇರಿಂಗ್ ಹೋಗಿರಬಹುದು, ತೋಳಿನ ಪಿನ್ನು ಸಡಿಲವಾಗಿರಬಹುದು. ಶಾಕ್ ಅಬ್ಸಾರ್ಬರ್ ಬಿಗಿಯಾಗಿ ಹಿಡಿದುಕೊಂಡು ಕಾರು ಪೂರ್ತಿ ಕೂರದೆಯೂ ಹೀಗಾಗುತ್ತದೆ. ಕಾರನ್ನು ಒತ್ತಿ ಬಿಟ್ಟು ಒಮ್ಮೆ, ಎತ್ತಿ ಬಿಟ್ಟು ಒಮ್ಮೆ ಅಳೆದರೆ ಅದೂ ಗೊತ್ತಾಗುತ್ತದೆ. 0.1 ಡಿಗ್ರಿ ತೋರಿಸುವ ಡಿಜಿಟಲ್ ಗೇಜು ತರೋಣವೆಂದು ಪತ್ರದ ಕೊನೆಗೆ ಬರೆದಿದ್ದೀರಿ. ಸವೆದ ಬಾಲ್ ಕಪ್ಪಿಗೆ ಡಿಜಿಟಲ್ ಗೇಜು ಹಿಡಿಯುವುದು ಒಡಕು ಬಿಂದಿಗೆಯ ನೀರನ್ನು ಮಿಲಿಲೀಟರಿನಲ್ಲಿ ಅಳೆದ ಹಾಗೆ. ಮೊದಲು ಕಪ್ ಬದಲಿಸಿ.

ನನ್ನ ಮಗಳಿಗೆ ಹನ್ನೊಂದು ವರ್ಷ. ಟಮಿಯಾ ಟಿಟಿ-02 ಕಾರನ್ನು ತಾನೇ ಜೋಡಿಸಿದ್ದಾಳೆ. ಹುಟ್ಟುಹಬ್ಬಕ್ಕೆ ಅಲೈನ್‌ಮೆಂಟ್ ಸೆಟ್ ಬೇಕಂತೆ. ಕೊಡಿಸಲೇ ಸರ್?
ತಾಯಿಯೊಬ್ಬರು, ಮೈಸೂರು

ಈಗಲೇ ಬೇಡಮ್ಮ. ಆ ಕಿಟ್ಟಿನ ಮೇಲಿನ ತೋಳುಗಳು ಅಚ್ಚಿನಲ್ಲೇ ಎರಕವಾದ ಪ್ಲಾಸ್ಟಿಕ್, ಉದ್ದ ಬದಲಿಸಲು ಬರುವುದಿಲ್ಲ. ಕ್ಯಾಂಬರ್ ಅಳೆದು ಮಗು ಮಾಡುವುದೇನು? ತಿರುಗಿಸಲು ಬರುವುದು ಮುಂದಿನ ಸ್ಟೀರಿಂಗ್ ಕಡ್ಡಿ ಮಾತ್ರ, ಅದಕ್ಕೆ ಮೇಲೆ ಹೇಳಿದ ವರ್ನಿಯರ್ ಸಾಕು. ಅದೇ ದುಡ್ಡಿನಲ್ಲಿ ಎಣ್ಣೆ ತುಂಬುವ ಶಾಕ್ ಅಬ್ಸಾರ್ಬರ್ ಕೊಡಿಸಿ, ಕಿಟ್ಟಿನಲ್ಲಿ ಬರುವುದು ಬರೀ ಉಜ್ಜಾಟದ್ದು. ಒಂದೊಂದಕ್ಕೂ ಎಣ್ಣೆ ತುಂಬಿ ಗುಳ್ಳೆ ಹೋಗುವವರೆಗೆ ಕಾಯುವುದರಲ್ಲಿ ಅವಳ ಒಂದು ಭಾನುವಾರ ಖುಷಿಯಾಗಿ ಕಳೆಯುತ್ತದೆ. ತಾನೇ ಜೋಡಿಸಿದಳು ಎಂದಿರಲ್ಲ, ಅವಳಿಗೆ ನನ್ನ ಶಹಬ್ಬಾಸ್ ತಿಳಿಸಿ.

ಡ್ರೂಪ್ ಗೇಜು ಬೇಕೇ ಬೇಕೇ? ಸೆಟಪ್ ಹಾಳೆಯಲ್ಲಿ ಡ್ರೂಪ್ 5 ಎಂದಿದ್ದದ್ದನ್ನು ಹೆಚ್ಚಿಸೋಣವೆಂದು 6 ಮಾಡಿದೆ. ಕಾರಿನ ತೋಳು ಇನ್ನೂ ಕಡಿಮೆ ಇಳಿಯುತ್ತಿದೆ.
ಓದುಗರು, ಶಿವಮೊಗ್ಗ

ಇಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ. ಚಾಸಿಯನ್ನು ಎರಡು ಕಟ್ಟೆಗಳ ಮೇಲಿಟ್ಟು, ಚಕ್ರ ಕಳಚಿ, ತೋಳು ಎಷ್ಟು ಕೆಳಗೆ ಜೋತುಬೀಳುತ್ತದೆ ಎಂದು ನೋಡುವ ಗೇಜು ಅದು. ಅದರ ಸೊನ್ನೆ ಎಂದರೆ ಕಟ್ಟೆಯ ತಲೆ, ಅಂದರೆ ಚಾಸಿಯ ಅಡಿಮಟ್ಟ. 5 ಎಂದರೆ ತೋಳು ಆ ಮಟ್ಟಕ್ಕಿಂತ 5 ಮಿ.ಮೀ. ಮೇಲೆಯೇ ನಿಂತಿದೆ. 6 ಮಾಡಿದಿರಿ, ತೋಳು ಇನ್ನೂ ಮೇಲೆ ನಿಂತಿತು. ಅಂಕಿ ಏರಿದಷ್ಟೂ ಡ್ರೂಪ್ ಇಳಿಯುತ್ತದೆ. ನಿಮಗೆ ಬೇಕಾದ್ದು 4.

ಟೂರಿಂಗ್ ಕಾರಿಗೆ ಈ ಗೇಜು ಕೊಳ್ಳಿ ಎಂದೇ ಹೇಳುತ್ತೇನೆ, ಸ್ಟೇಷನ್‌ಗಿಂತ ಮೊದಲೇ. ಎಡಬಲ ಡ್ರೂಪ್ ಅರ್ಧ ಮಿ.ಮೀ. ಹೆಚ್ಚುಕಡಿಮೆಯಾದರೂ ಕಾರು ಒಂದು ತಿರುವಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಆಡುತ್ತದೆ. ಮಣ್ಣಿನ ಬಗ್ಗಿ ಓಡಿಸುವವರಿಗೆ ಇದರ ಬದಲು ವರ್ನಿಯರ್ ಇದೆ. ಕಾರು ಎತ್ತಿ ಹಿಡಿದು, ತೋಳು ಜೋತುಬಿದ್ದಾಗ ಶಾಕ್‌ನ ಮೇಲಿನ ಸ್ಕ್ರೂ ನಡುವಿನಿಂದ ಕೆಳಗಿನ ಸ್ಕ್ರೂ ನಡುವಿಗೆ ಅಳೆದು ಎಡಬಲ ಸಮ ಮಾಡಿಕೊಂಡರಾಯಿತು. ಯಾವ ಕಾರೇ ಇರಲಿ, ಮೊದಲು ಡ್ರೂಪ್, ಆಮೇಲೆ ಎತ್ತರ, ಆಮೇಲೆ ಕ್ಯಾಂಬರ್, ಕೊನೆಗೆ ಟೋ. ಎತ್ತರ ಬದಲಿಸಿದರೆ ಕ್ಯಾಂಬರ್ ತಾನೇ ಬದಲಾಗುತ್ತದೆ, ಹಾಗಾಗಿ ಈ ಸಾಲು ತಪ್ಪಿಸಿದರೆ ಮಾಡಿದ್ದನ್ನೇ ಮತ್ತೆ ಮಾಡುತ್ತಿರಬೇಕು.

ಗೆಳೆಯ ತ್ರೀಡಿ ಪ್ರಿಂಟರಿನಲ್ಲಿ ಎಲ್ಲ ಗೇಜೂ ಮಾಡಿಕೊಡುತ್ತೇನೆ ಅಂತಾನೆ. ಆಗುತ್ತದೆಯೇ?
ಓದುಗರು, ಬಳ್ಳಾರಿ

ಆಗುತ್ತದೆ, ನಿಮ್ಮೂರಲ್ಲಿ ಮಾತ್ರ ಹುಷಾರು. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಗೇಜು ಬಿಟ್ಟರೆ ಸಂಜೆಗೆ ಬಾಳೆಕಾಯಿ ಚಿಪ್ಸಿನ ಹಾಗೆ ಬಾಗಿರುತ್ತದೆ. ಮೆಟ್ಟಿಲು ಗೇಜು ಪ್ರಿಂಟ್ ಮಾಡಿಸಿ, ಪ್ರತಿ ಮೆಟ್ಟಿಲನ್ನೂ ವರ್ನಿಯರಿನಲ್ಲಿ ಅಳೆದು, ಅಚ್ಚಾದ ಅಂಕಿಯನ್ನು ನಂಬದೆ ನೀವು ಅಳೆದದ್ದನ್ನು ಪೆನ್ನಿನಲ್ಲಿ ಬರೆದುಕೊಳ್ಳಿ.

ಎಲ್ಲ ಗೇಜಿನಲ್ಲೂ ಎಡಬಲ ಸಮ ಇದೆ. ಆದರೂ ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಎಡಕ್ಕೆ ಎಳೆಯುತ್ತದೆ. ಇನ್ನು ಯಾವ ಸಾಮಾನು ತರಬೇಕು?
ಓದುಗರು, ತುಮಕೂರು

ಅಡುಗೆಮನೆಯ ಚಾಕು ತನ್ನಿ. ಕಾರನ್ನು ಕಲ್ಲಿನ ಮೇಲಿಟ್ಟು, ಮುಂದಿನ ಬಂಪರಿನ ಸರಿಯಾಗಿ ನಡುವೆ ಚಾಕುವಿನ ತುದಿ ಕೊಟ್ಟು ನಿಧಾನ ಎತ್ತಿ. ಎರಡೂ ಚಕ್ರ ಒಟ್ಟಿಗೆ ನೆಲ ಬಿಡಬೇಕು. ಒಂದು ಮೊದಲು ಎದ್ದು ಇನ್ನೊಂದು ಕಚ್ಚಿಕೊಂಡಿದ್ದರೆ ಚಾಸಿಗೆ ತಿರುಚು ಬಿದ್ದಿದೆ, ಇಲ್ಲವೇ ಸ್ಪ್ರಿಂಗ್ ಎಡಬಲ ಸಮ ಇಲ್ಲ. ಆಂಟಿ-ರೋಲ್ ಬಾರ್ (ಎಡಬಲ ತೋಳು ಜೋಡಿಸುವ ತಂತಿ) ಇದ್ದರೆ ಮೊದಲು ಬಿಚ್ಚಿ. ಮೇಲಿನ ಡೆಕ್ಕಿನ ಸ್ಕ್ರೂಗಳನ್ನು ಸಡಿಲಿಸಿ, ಚಕ್ರ ಕಳಚಿದ ಚಾಸಿಯನ್ನು ಕಲ್ಲಿಗೆ ಒತ್ತಿ ಹಿಡಿದು ಮತ್ತೆ ಬಿಗಿಮಾಡಿ. ಹಿಂದೆಯೂ ಹೀಗೇ ಎತ್ತಿ ನೋಡಿ. ತಿರುಚು ಬಿದ್ದ ಚಾಸಿಯಲ್ಲೂ ಕ್ಯಾಂಬರ್, ಟೋ ಅಂಕಿಗಳು ಸರಿಯಾಗಿಯೇ ಬರಬಹುದು, ಅದಕ್ಕೇ ಗೇಜು ಸುಮ್ಮನಿತ್ತು.

ಟರ್ನ್‌ಬಕಲ್ (ತಿರುಗಿಸಿ ಉದ್ದ ಬದಲಿಸುವ ಕಡ್ಡಿ) ತಿರುಗಿಸಲು ಬೇರೆ ಸ್ಪ್ಯಾನರ್ ಬೇಕೇ, ಪಕ್ಕಡ್ ಸಾಕಲ್ಲವೇ?
ಓದುಗರು, ಹಾಸನ

ಪಕ್ಕಡ್ ಮುಟ್ಟಬೇಡಿ, ಅಂಚು ತಿಂದು ಹಾಕುತ್ತದೆ. ಚಿಕ್ಕ ಸ್ಪ್ಯಾನರ್ ಒಂದಿರಲಿ, ಈ ಇಡೀ ಪುಟದಲ್ಲಿ ಅತ್ಯಂತ ಅಗ್ಗದ ಸಾಮಾನು ಅದೇ. ಟರ್ನ್‌ಬಕಲ್‌ನ ಒಂದು ತುದಿ ಬಲಮರೆ (ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು), ಇನ್ನೊಂದು ಎಡಮರೆ. ಎಡಮರೆಯ ಕಡೆ ಸಣ್ಣ ಗೀಟು ಇರುತ್ತದೆ. ಕಾರಿನಲ್ಲಿರುವ ಎಲ್ಲದರ ಗೀಟೂ ಒಂದೇ ದಿಕ್ಕಿಗೆ ಬರುವಂತೆ ಕೂರಿಸಿದರೆ, ಯಾವುದನ್ನು ಎತ್ತ ತಿರುಗಿಸಿದರೆ ಉದ್ದವಾಗುತ್ತದೆ ಎಂದು ಪ್ರತಿ ಸಲ ಯೋಚಿಸಬೇಕಿಲ್ಲ. 3 ಮಿ.ಮೀ. ಟರ್ನ್‌ಬಕಲ್‌ನ ಮರೆಗಳ ಅಂತರ 0.5 ಮಿ.ಮೀ., ಎರಡು ತುದಿ ಸೇರಿ ಒಂದು ಸುತ್ತಿಗೆ 1 ಮಿ.ಮೀ. ನನ್ನ ಕಾರಿನಲ್ಲಿ ಕೆಳಗಿನ ಪಿನ್ನಿನಿಂದ ಮೇಲಿನ ಬಾಲಿಗೆ ಸುಮಾರು 30 ಮಿ.ಮೀ. ಇದೆ, ಹಾಗಾಗಿ ಒಂದು ಸುತ್ತಿಗೆ ಹತ್ತಿರಹತ್ತಿರ 2 ಡಿಗ್ರಿ ಕ್ಯಾಂಬರ್. ಮೈದಾನದಲ್ಲಿ ಗೇಜು ಮರೆತು ಬಂದ ದಿನ ನಾನು ಕಾಲು ಸುತ್ತು ತಿರುಗಿಸಿ, ಅರ್ಧ ಡಿಗ್ರಿ ಎಂದು ಚೀಟಿಯಲ್ಲಿ ಬರೆದುಕೊಂಡು ಓಡಿಸುತ್ತೇನೆ.