ಮಾಸ್ಕಿನ ಬಾಯಿ ಮುಚ್ಚಿಸಬೇಡಿ

ಈ ಸಲದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಮುಕ್ಕಾಲು ಪಾಲು ಪತ್ರಗಳಲ್ಲಿ ಒಂದೇ ಬೇಡಿಕೆ: "ಡಾಕ್ಟ್ರೇ, ಸದ್ದು ಮಾಡದ, ಮುಖ ನೋಯಿಸದ ಒಂದು ಒಳ್ಳೆ ಸಿಪ್ಯಾಪ್ ಮಾಸ್ಕಿನ ಹೆಸರು ಹೇಳಿ." ಹೆಸರು ಹೇಳುವುದಿಲ್ಲ. ಕಾಲು ತೋರಿಸದೆ ಚಪ್ಪಲಿ ಕೊಡಿ ಅಂದ ಹಾಗಾಯ್ತು ಇದು. ಸ್ಲೀಪ್ ಆಪ್ನಿಯಾ ಇರುವವರಿಗೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಸಿಪ್ಯಾಪ್ ಮೆಷಿನ್‌ನಿಂದ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುತ್ತೇವೆ. ಅಷ್ಟು ಗೊತ್ತಿದೆ ಅಂದುಕೊಂಡೇ ಮುಂದಕ್ಕೆ ಹೋಗುತ್ತೇನೆ. ಮೆಷಿನ್ ಮನೆಗೆ ಬಂದಮೇಲೂ ಗೊತ್ತಿಲ್ಲ ಅಂದರೆ, ಕೊಟ್ಟವರನ್ನು ಹೋಗಿ ಕೇಳಿ.

ಪ್ರಶ್ನೆ: ನನಗೆ 52 ವರ್ಷ. ಸಿಪ್ಯಾಪ್ ಒತ್ತಡ 12 (ಸೆಂಟಿಮೀಟರ್ ನೀರಿನ ಅಳತೆಯಲ್ಲಿ). ಬಾಯಲ್ಲಿ ಉಸಿರಾಡುತ್ತೇನೆ ಅಂತ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಕೊಟ್ಟರು. 8 ತಿಂಗಳಲ್ಲಿ ಇದು ಮೂರನೆಯದು. ಮಗ್ಗುಲಾಗಿ ಮಲಗಿದರೆ ಕಣ್ಣಿಗೆ ಗಾಳಿ ಹೊಡೆಯುತ್ತದೆ, ಪರ್‍ರ್ ಅಂತ ಸದ್ದು. ಎಷ್ಟು ಬಿಗಿ ಮಾಡಿದರೂ ನಿಲ್ಲಲ್ಲ. ಮೂಗಿನ ಮೇಲೆ ಗಾಯವಾಗಿದೆ. ಮೊದಲು ಗೊರಕೆಗೆ ಹೆದರಿ ಪಕ್ಕದ ರೂಮಿಗೆ ಹೋಗುತ್ತಿದ್ದ ಹೆಂಡತಿ ಈಗ ಮಾಸ್ಕಿಗೆ ಹೆದರಿ ಹೋಗುತ್ತಿದ್ದಾಳೆ. ಮಾಸ್ಕಿನ ಮುಂದೆ ಸಣ್ಣ ತೂತುಗಳಿಂದಲೂ ಗಾಳಿ ಬರುತ್ತಿತ್ತು. ಅಲ್ಲಿಗೆ ಟೇಪ್ ಅಂಟಿಸಿದ ಮೇಲೆ ಸ್ವಲ್ಪ ವಾಸಿ. ಆದರೆ ಬೆಳಿಗ್ಗೆ ತಲೆನೋವು. ಎಲ್ಲಕ್ಕಿಂತ ಕಡಿಮೆ ಸದ್ದಿನ ಮಾಸ್ಕ್ ಯಾವುದು?

ಉತ್ತರ: ಮೊದಲು ಎದ್ದು ಹೋಗಿ ಆ ಟೇಪ್ ಕಿತ್ತು ಬನ್ನಿ. ಉಳಿದದ್ದನ್ನು ಆಮೇಲೆ ಓದಬಹುದು.

ಕಿತ್ತಿರಾ? ಸರಿ. ಟ್ಯೂಬಿನಲ್ಲಿ ಗಾಳಿ ಮೆಷಿನ್ ಕಡೆಯಿಂದ ನಿಮ್ಮ ಕಡೆಗೆ ಬರುತ್ತದೆ. ನೀವು ಬಿಟ್ಟ ಉಸಿರು ಹೊರಗೆ ಹೋಗಲು ಇರುವ ದಾರಿ ಆ ಸಣ್ಣ ತೂತುಗಳೇ. ಅವನ್ನು ಮುಚ್ಚಿದರೆ ಬಿಟ್ಟ ಉಸಿರು ಮಾಸ್ಕಿನಲ್ಲೂ ಟ್ಯೂಬಿನಲ್ಲೂ ಉಳಿಯುತ್ತದೆ, ಮುಂದಿನ ಸಲ ಅದನ್ನೇ ಒಳಗೆ ಎಳೆದುಕೊಳ್ಳುತ್ತೀರಿ. ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ನಿಮ್ಮ ಬೆಳಗಿನ ತಲೆನೋವಿಗೆ ನನಗೆ ಮೊದಲು ಬರುವ ಅನುಮಾನ ಅದೇ. ಟೇಪ್ ತೆಗೆದ ಮೇಲೂ ತಲೆನೋವು ಹೋಗದಿದ್ದರೆ ಈ ವಾರವೇ ನಿಮ್ಮ ವೈದ್ಯರನ್ನು ನೋಡಿ. ಇನ್ನೊಂದು ಮಾತು. ನಿಮ್ಮ ಥರದ ಮಾಸ್ಕಿನಲ್ಲಿ ಟ್ಯೂಬ್ ಸೇರುವ ಮೂಲೆಯ ಹತ್ತಿರ ಒಂದು ಚಿಕ್ಕ ರೆಪ್ಪೆಯಂಥ ಕವಾಟ ಇರುತ್ತದೆ. ಕರೆಂಟ್ ಹೋಗಿ ಮೆಷಿನ್ ನಿಂತರೆ ಅದು ತೆರೆದುಕೊಂಡು ಹೊರಗಿನ ಗಾಳಿ ಕೊಡುತ್ತದೆ. ಅದಕ್ಕೂ ಟೇಪ್ ಹಾಕಿದ ಪುಣ್ಯಾತ್ಮರನ್ನು ನೋಡಿದ್ದೇನೆ.

ಈಗ ಸದ್ದಿನ ವಿಷಯ. ಮಾಸ್ಕಿನಲ್ಲಿ ಎರಡು ಬಗೆಯ ಸದ್ದು ಇರುತ್ತದೆ. ಒಂದು, ಏರಿಳಿತ ಕಡಿಮೆ ಇರುವ ಸುಯ್ ಅನ್ನುವ ಸದ್ದು. ಅದು ತೂತುಗಳದ್ದು, ಇರಲೇಬೇಕು. ಒತ್ತಡ 4 ಇದ್ದಾಗ ನಿಮಿಷಕ್ಕೆ ಸುಮಾರು 20 ಲೀಟರ್ ಗಾಳಿ ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ನಿಮ್ಮ 12ಕ್ಕೆ 35ರ ಆಸುಪಾಸು, ಮಾಸ್ಕಿಗೆ ತಕ್ಕಂತೆ ಹೆಚ್ಚು ಕಡಿಮೆ. ಇನ್ನೊಂದು ಪರ್‍ರ್, ಪುಸ್, ಸಿಳ್ಳೆ. ಮಗ್ಗುಲು ಬದಲಿಸಿದಾಗ ಬರುತ್ತದೆ, ಕೈಯಿಟ್ಟರೆ ನಿಲ್ಲುತ್ತದೆ. ಅದು ಸೋರಿಕೆ. ನೀವು ಮಾಡಿದ್ದೇನು? ಇರಬೇಕಾದ ಸದ್ದನ್ನು ಮುಚ್ಚಿದಿರಿ, ಇರಬಾರದ್ದನ್ನು ಬಿಗಿ ಮಾಡಿ ಜಾಸ್ತಿ ಮಾಡಿಕೊಂಡಿರಿ.

ಹೌದು, ಬಿಗಿ ಮಾಡಿದ್ದಕ್ಕೇ ಜಾಸ್ತಿಯಾದದ್ದು. ಮಾಸ್ಕಿನ ಸಿಲಿಕೋನ್ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಒಳಗೆ ಒಂದು ತೆಳು ಪದರ ಇದೆ, ಬಲೂನಿನ ತೊಗಲಿನ ಹಾಗೆ. ಗಾಳಿ ತುಂಬಿದಾಗ ಅದು ಉಬ್ಬಿ ಮುಖಕ್ಕೆ ಕೂರಬೇಕು. ಪಟ್ಟಿ ಎಳೆದು ಅಮುಕಿದರೆ ಅದು ಉಬ್ಬುವುದಿಲ್ಲ, ಸುಕ್ಕಾಗುತ್ತದೆ. ಸುಕ್ಕಿನ ಸಂದಿಯಲ್ಲಿ ಗಾಳಿ ಹೊರಗೆ ನುಗ್ಗುತ್ತದೆ. ಸೋರುತ್ತಿದೆ ಅಂತ ನೀವು ಇನ್ನೊಂದು ಸುತ್ತು ಎಳೆಯುತ್ತೀರಿ. ಹೀಗೇ ರಾತ್ರಿ ಎರಡು ಗಂಟೆ.

ಈಚೆಗೆ ಒಬ್ಬರು ಹೀಗೇ ಬಂದಿದ್ದರು. ಕೆನ್ನೆ ಮೇಲೆ ಪಟ್ಟಿಯ ಗೆರೆ ಮಧ್ಯಾಹ್ನವಾದರೂ ಮಾಸಿರಲಿಲ್ಲ. ಮಂಚದ ಮೇಲೆ ಮಲಗಿಸಿ, ಅವರ ಒತ್ತಡಕ್ಕೇ ಮೆಷಿನ್ ಹಾಕಿದೆ. ಎಡಗಣ್ಣಿನ ಹತ್ತಿರ ಪರ್‍ರ್ ಶುರುವಾಯಿತು. ತಕ್ಷಣ ಅವರ ಕೈ ಮೇಲಿನ ಪಟ್ಟಿಗೆ ಹೋಯಿತು, ಅಭ್ಯಾಸಬಲ. ಆ ಕೈ ಹಿಡಿದು ಕೆಳಗಿಟ್ಟೆ. ನಾಲ್ಕೂ ಪಟ್ಟಿ ಸಡಿಲ ಮಾಡಿದೆ. ಮಾಸ್ಕನ್ನು ಮುಖದಿಂದ ಒಂದು ಬೆರಳಷ್ಟು ಮುಂದಕ್ಕೆ ಎಳೆದು, ಅಂಚು ಉಬ್ಬಲು ಬಿಟ್ಟು, ಮೆಲ್ಲಗೆ ವಾಪಸ್ ಕೂರಿಸಿದೆ. ಸದ್ದು ನಿಂತಿತು. ಅವರು ಮಾಸ್ಕಿನೊಳಗಿಂದಲೇ "ಇಷ್ಟೇನಾ?" ಅಂದರು. ಇಷ್ಟೇ. ಎರಡು ವರ್ಷದಿಂದ ಯಾರೂ ಅವರನ್ನು ಮಲಗಿಸಿ ಮಾಸ್ಕ್ ಹಾಕಿ ನೋಡಿರಲಿಲ್ಲ. ಕುರ್ಚಿ ಮೇಲೆ ಕೂರಿಸಿ, ಗಾಳಿ ಹಾಕದೆ, "ಚೆನ್ನಾಗಿ ಕೂತಿದೆ" ಅಂದು ಕಳಿಸಿದ್ದರು. ಮಲಗಿದಾಗ ಮುಖದ ಮಾಂಸ ಜರುಗುತ್ತದೆ, ದವಡೆ ಸಡಿಲವಾಗುತ್ತದೆ. ಕೂತು ನೋಡಿದ ಅಳತೆ ಮಲಗಿದ ಮುಖಕ್ಕೆ ಹೇಗೆ ಸರಿಹೋಗುತ್ತದೆ?

ಹಾಗಾಗಿ ನೀವೂ ಮಲಗಿ, ಮೆಷಿನ್ ಹಾಕಿ ಹೊಂದಿಸಿಕೊಳ್ಳಿ. ರ‍್ಯಾಂಪ್ ಅಂದರೆ ಒತ್ತಡವನ್ನು ಮೆಲ್ಲಗೆ ಏರಿಸುವ ಸೆಟ್ಟಿಂಗ್ ಇದ್ದರೆ ಆಗ ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಮೆಲ್ಲನೆ ಗಾಳಿ ಬರುವಾಗ ಎಲ್ಲ ಸರಿ ಅನಿಸಿ, ಪೂರ್ತಿ ಒತ್ತಡ ಬಂದಾಗ ಕೈಕೊಡುತ್ತದೆ. ಕೆಲವು ಮೆಷಿನ್‌ಗಳಲ್ಲಿ ಮಾಸ್ಕ್ ಪರೀಕ್ಷೆ ಅಂತಲೇ ಒಂದು ಆಯ್ಕೆ ಇರುತ್ತದೆ, ಅದನ್ನು ಬಳಸಿ. ಎರಡೂ ಕಡೆಯ ಪಟ್ಟಿ ಜೊತೆಜೊತೆಯಾಗಿ, ಸ್ವಲ್ಪ ಸ್ವಲ್ಪ ಎಳೆಯಿರಿ. ಸೋರಿಕೆ ನಿಂತಲ್ಲಿಗೆ ನಿಲ್ಲಿಸಿ. ಆಮೇಲೆ ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ ನೋಡಿ. ಮಲಗುವ ಮುಂಚೆ ಮುಖ ತೊಳೆದು ಒರೆಸಿಕೊಳ್ಳಿ, ಕ್ರೀಮ್ ಬೇಡ. ಜಿಡ್ಡಿನ ಮೇಲೆ ಸಿಲಿಕೋನ್ ಜಾರುತ್ತದೆ. ಬೆಳಿಗ್ಗೆ ಎದ್ದು ಆ ಅಂಚನ್ನೂ ತೊಳೆಯಿರಿ. ತಿಂಗಳುಗಟ್ಟಲೆ ಬಳಸಿ ಅಂಚು ಜೋತುಬಿದ್ದಿದ್ದರೆ ಇಡೀ ಮಾಸ್ಕ್ ಎಸೆಯಬೇಕಿಲ್ಲ, ಕುಶನ್ ಮಾತ್ರ ಬದಲಿಸಿ.

ಇಷ್ಟಾದರೂ ಸೋರಿದರೆ ಅಳತೆ ತಪ್ಪಿದೆ. ಇಲ್ಲಿ ನನ್ನದೇ ಅನುಮಾನ ಹೇಳುತ್ತೇನೆ: ನಿಮ್ಮದು ದೊಡ್ಡದಾಗಿದೆ. ಕಣ್ಣಿಗೆ ಗಾಳಿ ಹೊಡೆಯುತ್ತದೆ ಅಂದರೆ ಮಾಸ್ಕಿನ ತುದಿ ಮೂಗಿನ ಮೇಲೆ ತೀರಾ ಎತ್ತರಕ್ಕೆ ಕೂತಿರಬೇಕು. ದೊಡ್ಡದು ಹಾಯಾಗಿರುತ್ತದೆ ಅಂತ ಜನ ಒಂದು ಸೈಜ್ ಮೇಲಿನದನ್ನೇ ಆರಿಸುತ್ತಾರೆ. ಅಂಗಿಗೆ ಆ ಲೆಕ್ಕ ಸರಿ, ಇದಕ್ಕಲ್ಲ. ಕಂಪನಿಯವರು ಕೊಡುವ ಕಾಗದದ ಅಳತೆಪಟ್ಟಿ ಇಟ್ಟು ನೋಡಿ, ಬಾಯಿ ಸ್ವಲ್ಪ ತೆರೆದುಕೊಂಡು. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಅಲ್ಲ, ನೆನಪಿರಲಿ.

ಇನ್ನು ಮುಖ್ಯ ಮಾತು. ನಿಮಗೆ ಈ ದೊಡ್ಡ ಮಾಸ್ಕ್ ಬೇಕೇ ಬೇಕಾ? "ಬಾಯಲ್ಲಿ ಉಸಿರಾಡುತ್ತೀರಾ? ಹಾಗಾದರೆ ಬಾಯಿ ಮುಚ್ಚುವ ಮಾಸ್ಕ್" ಅನ್ನುವುದು ಅವಸರದ ಲೆಕ್ಕ. ಒಂದು ಕಾಲದಲ್ಲಿ ನಾನೂ ಹಾಗೇ ಬರೆದುಕೊಡುತ್ತಿದ್ದೆ, ತಪ್ಪು ನನ್ನದೂ ಇದೆ. ಎಷ್ಟೋ ಜನ ಬಾಯಿ ತೆರೆಯುವುದು ಗಂಟಲು ಮುಚ್ಚಿಕೊಂಡು ಉಸಿರಿಗೆ ಒದ್ದಾಡುವುದರಿಂದ. ಮೂಗಿನಿಂದ ಒತ್ತಡ ಕೊಟ್ಟು ಗಂಟಲು ತೆರೆದಿಟ್ಟರೆ ಬಾಯಿ ತಾನಾಗಿ ಮುಚ್ಚಿಕೊಳ್ಳುವುದು ಅಪರೂಪವೇನಲ್ಲ. ಇನ್ನೊಂದು ಕಡೆ, ದೊಡ್ಡ ಮಾಸ್ಕಿನ ಪಟ್ಟಿ ಕೆಳದವಡೆಯನ್ನು ಹಿಂದಕ್ಕೆ ತಳ್ಳಬಹುದು, ಜೊತೆಗೆ ನಾಲಿಗೆಯೂ ಹಿಂದಕ್ಕೆ. ಅದಕ್ಕೇ ಈ ಮಾಸ್ಕ್ ಹಾಕಿದವರಿಗೆ ಸಾಮಾನ್ಯವಾಗಿ ಒತ್ತಡ ಜಾಸ್ತಿ ಬೇಕಾಗುತ್ತದೆ. ಒತ್ತಡ ಜಾಸ್ತಿ ಆದರೆ ಸದ್ದು ಜಾಸ್ತಿ, ಸೋರಿಕೆ ಜಾಸ್ತಿ. ಮುಖಕ್ಕೆ ಅಂಟುವ ಜಾಗ ದೊಡ್ಡದಾದಷ್ಟೂ ಸಂದಿಗಳು ಹೆಚ್ಚು, ಅಲ್ವಾ?

ಬಾಯಿ ಮುಚ್ಚಿ ಎರಡು ಮೂರು ನಿಮಿಷ ಮೂಗಲ್ಲೇ ಆರಾಮಾಗಿ ಉಸಿರಾಡಿ ನೋಡಿ. ಆಗುತ್ತದೆ ಅಂದರೆ, ಮೂಗಿಗೆ ಮಾತ್ರ ಕೂರುವ ಮಾಸ್ಕ್, ಇಲ್ಲವೇ ಹೊಳ್ಳೆಗಳ ಬಾಯಿಗೆ ಕೂರುವ ಪುಟ್ಟ ದಿಂಬಿನ ಥರದ್ದು, ಎರಡನ್ನೂ ಪ್ರಯತ್ನಿಸಬಹುದು. ದಿಂಬಿನದು ಕನ್ನಡಕ ಕೂರುವ ಜಾಗವನ್ನು ಮುಟ್ಟುವುದೇ ಇಲ್ಲ, ನಿಮ್ಮ ಗಾಯ ಒಣಗುತ್ತದೆ. 12ರ ಒತ್ತಡವನ್ನು ಅದು ತಡೆದುಕೊಳ್ಳುತ್ತದೆ. ಇನ್ನೂ ಮೇಲೆ ಹೋದರೆ ಕೆಲವರಿಗೆ ಹೊಳ್ಳೆ ಉರಿಯುತ್ತದೆ. ಮೂಗು ಕಟ್ಟಿದೆ ಅಂದರೆ ಮೊದಲು ಮೂಗಿಗೆ ಚಿಕಿತ್ಸೆ, ಮೆಷಿನ್‌ಗೆ ಬಿಸಿ ತೇವದ ಹ್ಯೂಮಿಡಿಫೈಯರ್. ಅಂಗಡಿಯಿಂದ ತಂದ ಮೂಗು ಬಿಡಿಸುವ ಡ್ರಾಪ್ಸನ್ನು ವಾರಗಟ್ಟಲೆ ಹಾಕಬೇಡಿ, ಬಿಟ್ಟಾಗ ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ಮಾಸ್ಕಿನ ಥರ ಬದಲಿಸಿದರೆ ಮೆಷಿನ್‌ನಲ್ಲಿ ಮಾಸ್ಕಿನ ಸೆಟ್ಟಿಂಗ್ ಬದಲಿಸಬೇಕು, ಒತ್ತಡವನ್ನೂ ನಿಮ್ಮ ವೈದ್ಯರು ಮತ್ತೆ ನೋಡಬೇಕು. ನೀವೇ ತಿರುಗಿಸಬೇಡಿ.

ಹೆಂಡತಿಯ ದೂರಿಗೆ ಬರೋಣ. ಅವರಿಗೆ ಕೇಳಿಸುವುದು ಜಾಸ್ತಿ ತೂತಿನ ಸದ್ದು, ನಿಮಗೆ ಕೇಳಿಸುವುದು ಟ್ಯೂಬಿನೊಳಗೆ ಬರುವ ಮೋಟಾರಿನ ಸದ್ದು. ಹಳೇ ಥರದ ಮಾಸ್ಕಿನಲ್ಲಿ ನಾಲ್ಕಾರು ದೊಡ್ಡ ತೂತು ಇರುತ್ತವೆ, ಗಾಳಿ ಒಂದೇ ಕಡೆ ಬಾಣದಂತೆ ಹೋಗಿ ಪಕ್ಕದವರ ಮುಖಕ್ಕೆ ಬಡಿಯುತ್ತದೆ. ಈಗಿನ ಕೆಲವದರಲ್ಲಿ ಜರಡಿ ಬಟ್ಟೆಯಂತೆ ನೂರಾರು ಸೂಕ್ಷ್ಮ ತೂತುಗಳಿವೆ, ಗಾಳಿ ಚದುರುತ್ತದೆ. ಮಾಸ್ಕಿನ ಕೈಪಿಡಿಯಲ್ಲಿ ಸದ್ದಿನ ಡೆಸಿಬಲ್ ಅಚ್ಚಾಗಿರುತ್ತದೆ. ಯಾರೂ ಓದುವುದಿಲ್ಲ, ಆದರೆ ನೀವು ಕೇಳಿದ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಒಂದರಲ್ಲಿ 30, ಇನ್ನೊಂದರಲ್ಲಿ 21 ಅಂತ ಇರಬಹುದು. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಆ ಸೂಕ್ಷ್ಮ ತೂತುಗಳಲ್ಲಿ ಕೊಳೆ ಕೂರದಂತೆ ನೋಡಿಕೊಳ್ಳಿ. ಹೊದಿಕೆ, ದಿಂಬು ಅದಕ್ಕೆ ಅಡ್ಡ ಬಂದರೂ ಸದ್ದು ಬದಲಾಗುತ್ತದೆ. ಮೆಷಿನ್ ಮಂಚದ ತಲೆಹಲಗೆಗೆ ತಾಗದಿರಲಿ, ಅದು ಇಡೀ ಮಂಚವನ್ನು ಗುಂಯ್‌ಗುಡಿಸುತ್ತದೆ. ಫಿಲ್ಟರ್ ಯಾವಾಗ ಬದಲಿಸಿದ್ದು? ನೆನಪಿಲ್ಲ ತಾನೆ, ಬದಲಿಸಿ.

ಮಗ್ಗುಲಾಗಿ ಮಲಗುವವರು ಮುಖವನ್ನು ದಿಂಬಿನ ಅಂಚಿಗೆ ತರಬೇಕು, ಮಾಸ್ಕ್ ಅಂಚಿನಾಚೆ ಇರುವಂತೆ. ಟ್ಯೂಬನ್ನು ತಲೆಯ ಮೇಲಿನಿಂದ ಇಳಿಬಿಡಿ. ಹೊರಳಿದಾಗ ಮೈ ಕೆಳಗೆ ಸಿಕ್ಕಿ ಮಾಸ್ಕನ್ನು ಎಳೆಯುವುದು ತಪ್ಪುತ್ತದೆ.

ಒಂದು ರಾತ್ರಿ ನಾನೇ ಹಾಕಿಕೊಂಡು ಮಲಗಿದ್ದೆ, ರೋಗಿಗಳಿಗೆ ಏನನಿಸುತ್ತದೆ ನೋಡೋಣ ಅಂತ. ಬೆಳಿಗ್ಗೆ ಮಾಸ್ಕ್ ನೆಲದ ಮೇಲಿತ್ತು. ಕಿತ್ತದ್ದು ನೆನಪೇ ಇಲ್ಲ. ಅದಕ್ಕೇ ಹಗಲು ಟಿವಿ ನೋಡುತ್ತಾ ಅರ್ಧ ಗಂಟೆ ಹಾಕಿಕೊಂಡು ಕೂರಿ ಅಂತ ಎಲ್ಲರಿಗೂ ಹೇಳುತ್ತೇನೆ. ಇದು ಸಿಲ್ಲಿ ಅನಿಸಿದರೂ ಮಾಡಿ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಮೊದಲು ವರದಿ ಮಾಡಿದ್ದು 5 ಜನರ ಮೇಲೆ. ಆ ಶುರುವಿನ ದಿನಗಳಲ್ಲಿ ಮನೆಗೆ ಒಯ್ದವರು ರಾತ್ರಿ ಮಾಸ್ಕನ್ನು ಮೂಗಿಗೆ ಅಂಟಿಸಿಕೊಂಡು ಮಲಗುತ್ತಿದ್ದರು. ನಿಮ್ಮದು ಬಕಲ್, ತೆಗೆಯಲು ಎರಡು ಸೆಕೆಂಡ್.

ಪ್ರಶ್ನೆ: ನನ್ನ ಮೆಷಿನ್ ಸೋರಿಕೆ 20 ಅನ್ನುತ್ತದೆ, ತಮ್ಮನದು 40. ಯಾರದ್ದು ಸರಿ?

ಉತ್ತರ: ಹೋಲಿಸಬೇಡಿ. ಕೆಲವು ಮೆಷಿನ್ ತೂತಿನ ಗಾಳಿಯನ್ನು ಕಳೆದು ತೋರಿಸುತ್ತವೆ, ಕೆಲವು ಸೇರಿಸಿ. ಕಳೆದು ತೋರಿಸುವ ಒಂದು ಕಂಪನಿಯ ಮೆಷಿನ್‌ನಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಜಾಸ್ತಿ ಅಂತ ಲೆಕ್ಕ. ನಿಮ್ಮ ಮೆಷಿನ್ ಯಾವ ಜಾತಿ ಅಂತ ಕೈಪಿಡಿ ನೋಡಿ.

ಪ್ರಶ್ನೆ: ಮ್ಯಾಗ್ನೆಟ್ ಕ್ಲಿಪ್ ಇರುವ ಮಾಸ್ಕ್ ಹಾಕಲು ಸುಲಭ. ನನಗೆ ಪೇಸ್‌ಮೇಕರ್ ಇದೆ, ಪರವಾಗಿಲ್ವಾ?

ಉತ್ತರ: ಬೇಡ. ಪೇಸ್‌ಮೇಕರ್, ಮಿದುಳಿನ ರಕ್ತನಾಳದ ಲೋಹದ ಕ್ಲಿಪ್‌ನಂಥವು ಇರುವವರ ಬಗ್ಗೆ ಮಾಸ್ಕ್ ಮಾಡುವ ಕಂಪನಿಗಳಾದ ಫಿಲಿಪ್ಸ್ 2022ರಲ್ಲಿ, ರೆಸ್ಮೆಡ್ 2023ರಲ್ಲಿ ಎಚ್ಚರಿಕೆ ಕೊಟ್ಟಿವೆ. ಪಕ್ಕದಲ್ಲಿ ಮಲಗುವವರಿಗೆ ಇದ್ದರೂ ಇದೇ ಮಾತು. ಮ್ಯಾಗ್ನೆಟ್ ಇಲ್ಲದ ಕ್ಲಿಪ್ ಸಿಗುತ್ತದೆ, ಕೇಳಿ ಪಡೆಯಿರಿ.

ಪ್ರಶ್ನೆ: ರಾತ್ರಿ ಬಾಯಿಗೆ ಟೇಪ್ ಹಾಕಿದರೆ ಮಾಸ್ಕೇ ಬೇಡವಂತೆ, ವೀಡಿಯೊದಲ್ಲಿ ನೋಡಿದೆ.

ಉತ್ತರ: ಮುಚ್ಚಿಕೊಳ್ಳುವುದು ಗಂಟಲು, ಟೇಪ್ ಹಾಕುವುದು ತುಟಿಗೆ. ಆ ವೀಡಿಯೊ ಮಾಡಿದವರು ನಿಮ್ಮ ನಿದ್ದೆಯ ಪರೀಕ್ಷೆ ಮಾಡಿದ್ದಾರಾ?

ಪ್ರಶ್ನೆ: ಮಾಸ್ಕ್ ಶುದ್ಧ ಮಾಡುವ ಓಝೋನ್ ಪೆಟ್ಟಿಗೆ ಕೊಳ್ಳಲಾ?

ಉತ್ತರ: ಬೇಡ. ಓಝೋನ್ ಶ್ವಾಸಕೋಶಕ್ಕೆ ಉರಿ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಇವುಗಳ ಬಗ್ಗೆ ಎಚ್ಚರಿಸಿದೆ. ಉಗುರು ಬೆಚ್ಚಗಿನ ನೀರು, ಮೆದು ಸೋಪು ಸಾಕು.

ಪ್ರಶ್ನೆ: ಮೂಗಿಗೆ ಸಿಕ್ಕಿಸುವ, ಟ್ಯೂಬ್ ಇಲ್ಲದ ಪುಟ್ಟ ಫ್ಯಾನಿನ ಸಾಧನ ಆನ್‌ಲೈನ್‌ನಲ್ಲಿ ಇದೆ. ಸಿಪ್ಯಾಪ್‌ಗೆ ಸಮವಾ?

ಉತ್ತರ: ಆಟಿಕೆ.

ಪ್ರಶ್ನೆ: ಮಾಸ್ಕ್ ಅಭ್ಯಾಸವಾಗಿಬಿಟ್ಟರೆ ಏನು ಗತಿ?

ಉತ್ತರ: ಅಭ್ಯಾಸ ಆಗಲಿ ಅಂತಲೇ ನಾನು ಇಷ್ಟು ಹೊತ್ತು ಬಡಿದುಕೊಂಡದ್ದು.