ಜ್ವರ ಎಷ್ಟು ದಾಟಿದರೆ ಓಡಬೇಕು, ಡಾಕ್ಟ್ರೇ?

ಪ್ರಶ್ನೆ: ನನ್ನ ಮಗನಿಗೆ ಎರಡೂವರೆ ವರ್ಷ. ಮೈ ಬೆಚ್ಚಗಾದರೆ ಸಾಕು, ಎತ್ತಿಕೊಂಡು ಓಡುತ್ತಿದ್ದೆ. ಮೂರು ಸಲವೂ ‘ಏನಿಲ್ಲಮ್ಮ, ವೈರಲ್’ ಎಂದು ವಾಪಸ್ ಕಳಿಸಿದರು. ಮನೆಯವರೂ ನಗಾಡಿದರು. ಹೋದ ತಿಂಗಳು ಮತ್ತೆ ಜ್ವರ ಬಂದಾಗ ಧೈರ್ಯ ಮಾಡಿ ನಾಲ್ಕು ದಿನ ಕಾದೆ. ಅದು ನ್ಯುಮೋನಿಯಾ ಆಗಿತ್ತು. ‘ಇಷ್ಟು ದಿನ ಏನ್ ಮಾಡ್ತಿದ್ರಿ?’ ಅಂದರು. ಈಗ ಎರಡು ತಿಂಗಳ ಮಗಳೂ ಇದ್ದಾಳೆ. ಎಷ್ಟು ಡಿಗ್ರಿ ದಾಟಿದರೆ ಹೊರಡಬೇಕು, ಒಂದು ನಂಬರ್ ಹೇಳಿಬಿಡಿ.
– ಹೆಸರು ಬೇಡ

ಉತ್ತರ: ಹಾಗೆ ಕೇಳಿದವರ ಪರವಾಗಿ ನಾನು ಸಾರಿ ಹೇಳುತ್ತೇನೆ. ಮೊದಲ ಮೂರು ಸಲ ನೀವು ಓಡಿದ್ದೂ ತಪ್ಪಲ್ಲ. ಮನೆಗೆ ಕಳಿಸುವಾಗ ‘ಏನು ಕಂಡರೆ ಮತ್ತೆ ಬರಬೇಕು’ ಎಂದು ಹೇಳಿ ಕಳಿಸುವುದು ನಮ್ಮ ಕೆಲಸ. ಎಷ್ಟೋ ಸಲ ಹೇಳುವುದಿಲ್ಲ. ಹೊರಗೆ ಕ್ಯೂ ಇರುತ್ತದೆ.

ನಂಬರ್ ಕೇಳಿದ್ದೀರಿ. ಅದು ನಿಮ್ಮ ಮಗಳಿಗೆ ಇದೆ, ಮಗನಿಗೆ ಇಲ್ಲ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಸಾಕು, ನಡುರಾತ್ರಿಯಾದರೂ ಹೊರಡಿ. ಬೆಳಗಾಗಲಿ ಅನ್ನಬೇಡಿ, ಔಷಧಿ ಹಾಕಿ ನೋಡೋಣ ಅನ್ನಬೇಡಿ. ಅಷ್ಟು ಚಿಕ್ಕವರಿಗೆ ರಕ್ತದಲ್ಲಿ ಸೋಂಕಿದ್ದರೂ ಹೊರಗೆ ಬೇರೇನೂ ಕಾಣದೆ ಇರಬಹುದು. ಜ್ವರವೇ ಇಲ್ಲದೆ ಮೈ ತಣ್ಣಗಾಗಿ ಹಾಲು ಕುಡಿಯುವುದನ್ನು ಬಿಟ್ಟರೂ ಅಷ್ಟೇ ಅವಸರ.

ನಿಮ್ಮ ಮಗನ ವಯಸ್ಸಿನವರಿಗೆ 103 ಬಂದೂ ಮಾಮೂಲಿ ವೈರಲ್ ಆಗಿರಬಹುದು, 100ಕ್ಕೇ ನ್ಯುಮೋನಿಯಾ ಇರಬಹುದು. ಥರ್ಮಾಮೀಟರ್ ಪಕ್ಕಕ್ಕಿಟ್ಟು ಅವನ ಅಂಗಿ ಎತ್ತಿ. ಅಳದೆ ಸುಮ್ಮನಿರುವಾಗ, ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಹೊಟ್ಟೆ ಏರುವುದನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಬೇಡ. ಮಕ್ಕಳ ಉಸಿರು ಒಂದೇ ಸಮ ಓಡುವುದಿಲ್ಲ. ಒಂದರಿಂದ ಐದು ವರ್ಷದವರಿಗೆ 40, ಎರಡು ತಿಂಗಳು ತುಂಬಿ ವರ್ಷದೊಳಗಿನವರಿಗೆ 50, ಎರಡು ತಿಂಗಳೊಳಗಿನವರಿಗೆ 60. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ವೇಗದ ಉಸಿರಾಟ. ಜ್ವರ ಏರಿದಾಗ ಉಸಿರೂ ಏರುತ್ತದೆ, ಹಾಗಾಗಿ ದೊಡ್ಡವನಿಗೆ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಆಗಲೂ ಇಳಿದಿಲ್ಲವೆಂದರೆ ಅವತ್ತೇ ತೋರಿಸಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಪ್ರತಿ ಉಸಿರಿಗೂ ನರಳುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ ಎಣಿಸುತ್ತ ಕೂರಬೇಡಿ, ನಡೆಯಿರಿ.

ನನ್ನದೂ ಒಂದು ಹೇಳಿಬಿಡುತ್ತೇನೆ. ಮಕ್ಕಳ ಡಾಕ್ಟರಾಗಿ ಎಂಟು ವರ್ಷ ಕಳೆದಿದ್ದಾಗ ನನ್ನ ಮಗಳಿಗೆ ವಾಂತಿ ಶುರುವಾಯಿತು. ಪ್ರತಿ ವಾಂತಿಗೂ ಚೀಟಿಯಲ್ಲಿ ಒಂದು ಗೀಟು ಎಳೆಯುತ್ತ ಕೂತಿದ್ದೆ, ಬಹಳ ಶಿಸ್ತಿನಿಂದ. ನಮ್ಮಮ್ಮ ಬಂದವಳು ಮಗುವನ್ನು ಎತ್ತಿಕೊಂಡು, ‘ಏ, ಇಷ್ಟು ಅಳ್ತಿದೆ, ಕಣ್ಣಲ್ಲಿ ನೀರೇ ಇಲ್ವಲ್ಲೇ’ ಅಂದಳು. ಡೈಪರ್ ಮುಟ್ಟಿ ನೋಡಿದೆ. ಬೆಳಗ್ಗೆ ಆರಕ್ಕೆ ಹಾಕಿದ್ದು, ಮಧ್ಯಾಹ್ನ ಮೂರಕ್ಕೂ ಒಣಗಿಯೇ ಇತ್ತು. ಸಂಜೆ ಡ್ರಿಪ್ ಹಾಕಿಸಬೇಕಾಯಿತು. ಅಂದಿನಿಂದ ನಾನು ಮೊದಲು ಕೇಳುವುದೇ ‘ಕೊನೆಯ ಸಲ ಉಚ್ಚೆ ಹೊಯ್ದಿದ್ದು ಯಾವಾಗ?’ ಎಂದು. ಆರೆಂಟು ಗಂಟೆಯಿಂದ ಇಲ್ಲವೆಂದರೆ, ಬಾಯಿ ಒಣಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಕುಡಿಸಿದ್ದೆಲ್ಲ ವಾಪಸ್ ಬರುತ್ತಿದ್ದರೆ ಮನೆಮದ್ದಿನ ಹೊತ್ತು ಮುಗಿಯಿತು. ವಾಂತಿ ಹಸಿರಾಗಿದ್ದರಂತೂ ಒಂದೇ ಸಲವಾದರೂ ಸರಿ, ತಕ್ಷಣ.

ಎಬ್ಬಿಸಿದರೂ ಏಳದ ಮಂಪರು, ಬಿಗಿದ ಕುತ್ತಿಗೆ, ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು-ನೇರಳೆ ಚುಕ್ಕೆ, ಇವಕ್ಕೆ ಯಾರ ಅಭಿಪ್ರಾಯವನ್ನೂ ಕೇಳಬೇಡಿ. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ನಿಂತ ಮೇಲೂ ಆಸ್ಪತ್ರೆಗೆ ಬನ್ನಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಂಬುಲೆನ್ಸ್ ಕರೆಸಿ. ಇನ್ನೊಂದು, ಜ್ವರ ಬಿಟ್ಟಿತು ಎಂದು ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೇ ಡೆಂಗಿಯಲ್ಲಿ ಅಪಾಯ ಶುರುವಾಗುವುದುಂಟು. ಮೈ ತಣ್ಣಗಾದ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ಸುಸ್ತು ಹೆಚ್ಚಾದರೆ ‘ಜ್ವರ ಇಲ್ಲವಲ್ಲ’ ಎಂದು ಕೂರಬೇಡಿ. ಮಗು ಆಡಿಕೊಂಡೇ ಇದ್ದರೂ ಜ್ವರ ಮೂರು ದಿನ ದಾಟಿದರೆ ಒಮ್ಮೆ ತೋರಿಸಿ.

ಇದ್ಯಾವುದೂ ಇಲ್ಲ, ಆದರೂ ‘ಯಾಕೋ ಇವನು ಎಂದಿನಂತಿಲ್ಲ’ ಅನಿಸಿತೇ? ಅದನ್ನೇ ಹೇಳಿ, ಇದೇ ಮಾತಿನಲ್ಲಿ. ನಾನಂತೂ ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಉಸಿರಾಟ ವಿಚಿತ್ರ ಕಂಡರೆ ಅಂಗಿ ಎತ್ತಿ ಅರ್ಧ ನಿಮಿಷ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಮನೆಯಲ್ಲಿ ಏದುಸಿರು ಬಿಡುತ್ತಿದ್ದ ಮಕ್ಕಳು ನನ್ನ ಟೇಬಲ್ ಮುಂದೆ ಕೂತು ಸ್ಟೆತಾಸ್ಕೋಪ್ ಎಳೆದಾಡುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ.