ಫೀಸಿಲ್ಲ, ಆದರೂ ಮಕ್ಕಳು ಮೈದಾನಕ್ಕೆ ಬರುತ್ತಿಲ್ಲ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ದಾವಣಗೆರೆಯ ನಮ್ಮ ಬಡಾವಣೆಯ ಗೆಳೆಯರು ಸೇರಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮೈದಾನದಲ್ಲಿ ಸಂಜೆ 5ರಿಂದ 7ರವರೆಗೆ ಉಚಿತವಾಗಿ ಆಟ ಆಡಿಸುತ್ತಿದ್ದೇವೆ. ಮಕ್ಕಳ ಅಪ್ಪ-ಅಮ್ಮ ಮಂಡಕ್ಕಿ ಭಟ್ಟಿ, ಗಾರೆ ಕೆಲಸಕ್ಕೆ ಹೋಗುವವರು. ಮೊದಲ ವಾರ 40 ಮಕ್ಕಳಿದ್ದರು, ಎರಡು ತಿಂಗಳಲ್ಲಿ 12ಕ್ಕೆ ಬಂದು ನಿಂತಿದೆ. ಹುಡುಗಿಯರು ಇಬ್ಬರೇ. ಬ್ಯಾಟು, ಚೆಂಡು ಎಲ್ಲ ನಾವೇ ಕೊಟ್ಟಿದ್ದೇವೆ. ಎಲ್ಲಿ ತಪ್ಪಾಗಿದೆ?

ಉತ್ತರ: ಮೊದಲ ತಪ್ಪು ಹೊತ್ತಿನದು. ಶಾಲೆ ಬಿಟ್ಟ ಮಗು ಒಮ್ಮೆ ಮನೆ ಸೇರಿದರೆ ನಲ್ಲಿ ನೀರು ಹಿಡಿಯಬೇಕು, ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಬೇಕು, ಅಂಗಡಿಗೆ ಓಡಬೇಕು. 5 ಗಂಟೆಗೆ ಅದನ್ನು ಮತ್ತೆ ಹೊರಗೆ ಕಳಿಸುವಷ್ಟು ಬಿಡುವು ಕೂಲಿಯಿಂದ ಬಂದ ತಾಯಿಗೆ ಇರುವುದಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ 6ರ ಸುಮಾರಿಗೇ ಹೊತ್ತು ಮುಳುಗುತ್ತದೆ. ಕತ್ತಲಲ್ಲಿ ಮಗಳು ಒಬ್ಬಳೇ ಬರಲಿ ಎಂದು ಯಾವ ತಾಯಿ ಒಪ್ಪುತ್ತಾಳೆ? ಹಾಗಾಗಿ ಶಾಲೆಯ ಕೊನೆಯ ಗಂಟೆ ಹೊಡೆದ ಹತ್ತು ನಿಮಿಷಕ್ಕೇ ಆಟ ಶುರುವಾಗಲಿ, 5.45ಕ್ಕೆ ಮುಗಿಯಲಿ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ. ಅಷ್ಟಕ್ಕೆ ಈ ಹೊತ್ತು ಧಾರಾಳ.

ಕಂಕುಳಲ್ಲಿ ಕೂಸು ಎತ್ತಿಕೊಂಡು ಬರುವ ಹುಡುಗಿಯನ್ನು ವಾಪಸ್ ಕಳಿಸಬೇಡಿ. ಅವಳು ಬರುವುದೇ ಆ ಷರತ್ತಿನ ಮೇಲೆ. ನೆರಳಿರುವ ಕಡೆ ಒಂದು ಜಮಖಾನ ಹಾಸಿ, ಓಣಿಯ ಒಬ್ಬ ತಾಯಿಯನ್ನು ಕೂರಿಸಿ, ಆಕೆಗೆ ಸಣ್ಣ ಗೌರವಧನ ಕೊಡಿ. ನೀವು ಬ್ಯಾಟಿಗೆ ಹಾಕಿದ ಹಣ ಇದಕ್ಕೆ ಹೋಗಿದ್ದರೆ ಹೆಚ್ಚು ಮಕ್ಕಳು ಉಳಿಯುತ್ತಿದ್ದರು.

ಇನ್ನು ಹಸಿವು. ಬಿಸಿಯೂಟವಾಗಿ ಮೂರು ತಾಸು ಕಳೆದಿರುತ್ತದೆ, ಬೆಳಗ್ಗೆ ತಿಂಡಿ ಇಲ್ಲದೆ ಬಂದ ಮಕ್ಕಳೂ ಇರುತ್ತಾರೆ. ಬರಿಹೊಟ್ಟೆಯಲ್ಲಿ ಓಡಿದ ಮಗು ತಲೆ ಸುತ್ತಿ ಕೂರುತ್ತದೆ, ಮರುದಿನ ಬರುವುದಿಲ್ಲ. ಒಂದು ಮಗುವಿಗೆ 30 ಗ್ರಾಂ ಒಣ ಕಡಲೆಕಾಳಿನಂತೆ 40 ಮಕ್ಕಳಿಗೆ 1.2 ಕೆ.ಜಿ. ಹಿಂದಿನ ರಾತ್ರಿ ನೆನೆಹಾಕಿ, ಉಪ್ಪು ಹಾಕಿ ಬೇಯಿಸಿ. ಅದು ಆಗದಿದ್ದರೆ ಮಂಡಕ್ಕಿ, ಹುರಿಗಡಲೆ, ಬೆಲ್ಲ. ನಿಮ್ಮ ಊರಿನಲ್ಲಿ ಮಂಡಕ್ಕಿಗೇನು ಬರ? ಅರ್ಧ ಪಾಲು ಆಟಕ್ಕೆ ಮುಂಚೆ, ಅರ್ಧ ಮುಗಿದ ಮೇಲೆ ಕೊಡಿ. ಎಲ್ಲವನ್ನೂ ಮೊದಲೇ ಕೊಟ್ಟರೆ ಕೆಲವರು ತಿಂದು ಹೊರಡುತ್ತಾರೆ. ಕೊನೆಗೇ ಇಟ್ಟರೆ ಹಸಿದ ಹೊಟ್ಟೆಯಲ್ಲೇ ಆಡಿಸಿದಂತಾಗುತ್ತದೆ.

ಹುಡುಗಿಯರು ಬಿಟ್ಟುಹೋಗಲು ಇನ್ನೊಂದು ಕಾರಣ ಶೌಚಾಲಯದ ಬೀಗ. ಶಾಲೆ ಮುಗಿದ ಕೂಡಲೇ ಅದಕ್ಕೂ ಬೀಗ ಬೀಳುತ್ತದೆ. ಹುಡುಗರು ಗೋಡೆ ಹುಡುಕುತ್ತಾರೆ, ಹುಡುಗಿಯರು ಮನೆ ದಾರಿ ಹಿಡಿಯುತ್ತಾರೆ. 11-12ರ ನಂತರ ಮುಟ್ಟಿನ ದಿನಗಳಲ್ಲಂತೂ ಬರುವುದೇ ಇಲ್ಲ. ಬೀಗದ ಕೈ, ಒಂದು ಬಕೆಟ್ ನೀರು, ಮುಚ್ಚಳವಿರುವ ಕಸದ ಡಬ್ಬಿ, ಒಬ್ಬ ಮಹಿಳೆ: ಇಷ್ಟು ಇಲ್ಲದೆ ಹುಡುಗಿಯರನ್ನು ಕರೆಯುವುದೇ ಅನ್ಯಾಯ.

ಆಟದ ಆಯ್ಕೆಯಲ್ಲೂ ಎಡವಿದ್ದೀರಿ. ಒಂದು ಬ್ಯಾಟಿನ ಕ್ರಿಕೆಟ್‌ನಲ್ಲಿ ಇಬ್ಬರೋ ಮೂವರೋ ಆಡುತ್ತಾರೆ, ಉಳಿದವರು ಬಿಸಿಲಲ್ಲಿ ನಿಂತಿರುತ್ತಾರೆ. ಚೆಂಡು ತಪ್ಪಿಸಿದ ಸಣ್ಣವರಿಗೆ ಬೈಗುಳ ಬೇರೆ. ಖೋ ಖೋ ಹಾಕಿ. 9 ಮಂದಿ ಅಟ್ಟುವವರು, ಮೂವರು ಮೂವರಾಗಿ ಒಳಗೆ ಬರುವ ಓಟಗಾರರು. ಕೂತವರೂ ಯಾವ ಕ್ಷಣಕ್ಕೂ ಏಳಲು ತಯಾರಿರಬೇಕು. ಅಂಕಣ 27 ಮೀ. ಉದ್ದ, 16 ಮೀ. ಅಗಲ, ಹತ್ತು ವರ್ಷದೊಳಗಿನವರಿಗೆ 20ಕ್ಕೆ 12 ಸಾಕು. ಎರಡು ಸರ್ವೆ ಕಂಬ ಬೇಕು: ನೆಲದ ಮೇಲೆ 120 ಸೆಂ.ಮೀ., ಒಳಗೆ ಕನಿಷ್ಠ 50 ಸೆಂ.ಮೀ. ಕಡಿಮೆ ಹೂತರೆ ಕಂಬ ಹಿಡಿದು ತಿರುಗುವ ಮಗುವಿನ ಭಾರಕ್ಕೆ ವಾರದಲ್ಲೇ ಅಲುಗಾಡುತ್ತದೆ. ಸಿಬಿರು ಹೋಗುವಂತೆ ಉಜ್ಜಿಸಿ. ಗೆರೆಗೆ ಸುಣ್ಣದ ಪುಡಿ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು.

40 ಮಕ್ಕಳನ್ನು ಹತ್ತತ್ತರ ನಾಲ್ಕು ಗುಂಪು ಮಾಡಿ: ಖೋ ಖೋಗೆ ಎರಡು ಗುಂಪು ಸೇರಿ, ಲಗೋರಿಗೆ ಒಂದು, ಹಗ್ಗ ಜಿಗಿಯಲು ಒಂದು. 15 ನಿಮಿಷಕ್ಕೊಮ್ಮೆ ಅದಲುಬದಲು. ದೊಡ್ಡವರು, ಚಿಕ್ಕವರು ಒಂದೇ ಗುಂಪಿನಲ್ಲಿದ್ದರೆ ಚಿಕ್ಕವರು ಮೂರನೇ ದಿನಕ್ಕೆ ನಾಪತ್ತೆಯಾಗುತ್ತಾರೆ; ವಯಸ್ಸಿನ ಪ್ರಕಾರ ವಿಂಗಡಿಸಿ.

ಪಂದ್ಯಾವಳಿಯ ಆಸೆಗೆ ಬಿದ್ದು ಚುರುಕಾದ 12 ಮಕ್ಕಳಿಗೆ ಮಾತ್ರ ಅಭ್ಯಾಸ ಮಾಡಿಸಬೇಡಿ. ಹಾಜರಿ ಪುಸ್ತಕದಲ್ಲಿ ಹುಡುಗ-ಹುಡುಗಿಯರ ಲೆಕ್ಕ ಬೇರೆ ಬೇರೆ ಇರಲಿ. ಸತತ ಎರಡು ದಿನ ಬರದ ಮಗುವಿನ ಮನೆಗೆ ಮೂರನೇ ದಿನ ಯಾರಾದರೂ ಹೋಗಿ ವಿಚಾರಿಸಲಿ. ನಿಜವಾದ ಕಾರಣ ಅಲ್ಲಿಯೇ ಸಿಗುತ್ತದೆ, ಮೀಟಿಂಗಿನಲ್ಲಿ ಅಲ್ಲ.

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಹಳ್ಳಿ. ಇರುವುದೊಂದೇ ಮೈದಾನ, ಅದು ಶಾಲೆಯದು. ಸಂಜೆ ಗೇಟು ತೆಗೆಯಲು ಹೆಡ್‌ಮಾಸ್ತರ್ರು ಒಪ್ಪುತ್ತಿಲ್ಲ. ಏನು ಮಾಡುವುದು?

ಉತ್ತರ: ಅವರ ಅಂಜಿಕೆ ಸುಳ್ಳಲ್ಲ. ಮಗುವಿನ ಕೈ ಮುರಿದರೆ, ಕಿಟಕಿ ಗಾಜು ಒಡೆದರೆ, ರಾತ್ರಿ ಯಾರಾದರೂ ಒಳಗೆ ಕೂತು ಕುಡಿದರೆ ಕೇಳುವುದು ಅವರನ್ನೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಮೈದಾನ, ಆಟದ ಸಾಮಗ್ರಿ ಇರಬೇಕು ಎನ್ನುತ್ತದೆ, ಸಂಜೆ ಗೇಟಿನ ಹೊಣೆ ಯಾರದೆಂದು ಹೇಳುವುದಿಲ್ಲ. ಅದನ್ನು ನೀವೇ ಕಾಗದದ ಮೇಲೆ ಬರೆದುಕೊಡಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಠರಾವು ಮಾಡಿಸಿ: ಯಾವ ದಿನ, ಎಷ್ಟರಿಂದ ಎಷ್ಟರವರೆಗೆ, ಬೀಗದ ಕೈ ಯಾರ ಹತ್ತಿರ, ಒಡೆದದ್ದಕ್ಕೆ ಯಾರು ಕೊಡುತ್ತಾರೆ, ಶೌಚಾಲಯ ಯಾರು ತೊಳೆಯುತ್ತಾರೆ, ಗಾಯವಾದರೆ ಯಾರ ಗಾಡಿಯಲ್ಲಿ ಯಾವ ಆಸ್ಪತ್ರೆಗೆ. ಪಾಲಕರ ಸಹಿ ಇರುವ ಒಪ್ಪಿಗೆ ಪತ್ರ ಜೊತೆಗಿರಲಿ, ಠರಾವಿನ ಒಂದು ನಕಲು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಲಿ. ಮೊದಲು ಮೂರು ತಿಂಗಳಿಗೆ ಮಾತ್ರ ಕೇಳಿ. ಒಮ್ಮೆಲೇ ವರ್ಷಕ್ಕೆ ಕೇಳಿದರೆ ಇಲ್ಲ ಎನ್ನುವುದು ಸುಲಭ.

ಇಬ್ಬರು ದೊಡ್ಡವರಿಲ್ಲದ ದಿನ ಗೇಟು ತೆಗೆಯಬಾರದು, ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಮಗುವಿನ ಜೊತೆ ಒಬ್ಬರೇ ಕೋಣೆಯೊಳಗೆ ಇರಬಾರದು. ಮಕ್ಕಳ ಸಹಾಯವಾಣಿ 1098 ಅನ್ನು ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಗೋಡೆಗೆ ಬರೆಸಿ.

ಸಾಮಗ್ರಿಗೆ ಚಂದಾ ಎತ್ತುವ ಮುನ್ನ ಶಾಲೆಯ ಕಪಾಟು ನೋಡಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆ ವರ್ಷಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂ.ವರೆಗೆ ಅವಕಾಶವಿದೆ. ಕಳೆದುಹೋದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯಕ್ಕೆ ಚೆಂಡುಗಳು ಕಪಾಟಿನಲ್ಲೇ ಗಾಳಿ ಇಳಿದು ಬಿರುಕು ಬಿಡುತ್ತವೆ. ತೆಗೆದುಕೊಂಡಿದ್ದಕ್ಕೆ, ಕೊಟ್ಟಿದ್ದಕ್ಕೆ ಸಹಿ ಹಾಕುವ ಒಂದು ನೋಟ್‌ಬುಕ್ ಇಟ್ಟರೆ ಆ ಭಯ ಕಳೆಯುತ್ತದೆ.

ಪ್ರಶ್ನೆ: ಬೂಟಿಲ್ಲದ ಮಕ್ಕಳನ್ನು ಆಡಿಸಬಹುದೇ?

ಉತ್ತರ: ಮಣ್ಣಿನ ಅಂಕಣವಾದರೆ ಆಡಿಸಬಹುದು, ಖೋ ಖೋ, ಕಬಡ್ಡಿಗೆ ಬರಿಗಾಲೇ ಸಲೀಸು. ಕಾಂಕ್ರೀಟಿನ ಮೇಲೆ ಬೇಡ. ಆದರೆ ಕೆಲವರು ಬೂಟು, ಕೆಲವರು ಬರಿಗಾಲು ಆಗಬಾರದು, ತುಳಿತಕ್ಕೆ ಸಿಕ್ಕಿ ಬೆರಳು ಜಜ್ಜುತ್ತದೆ, ಎಲ್ಲರೂ ಬಿಚ್ಚಲಿ. ಶಾಲೆಯಿಂದ ಕೊಟ್ಟ ಕಪ್ಪು ಬೂಟು ಓಟಕ್ಕೆ ಜಾರುತ್ತದೆ, ಹರಿದರೆ ಮಗುವಿಗೆ ಮನೆಯಲ್ಲಿ ಏಟು. ದಿನವೂ ಆಟಕ್ಕೆ ಮುಂಚೆ ಮಕ್ಕಳನ್ನು ಒಂದು ತೋಳಿನ ಅಂತರದಲ್ಲಿ ಸಾಲಾಗಿ ನಿಲ್ಲಿಸಿ, ಮೈದಾನದ ಆ ತುದಿಯವರೆಗೆ ನಡೆಸಿ ಕಲ್ಲು, ಮುಳ್ಳು ಆರಿಸಿ. ಗಾಜಿನ ಚೂರು, ಮೊಳೆ ಕಂಡರೆ ಕೂಗಿ ಹೇಳಲಿ, ತೆಗೆಯುವುದು ದೊಡ್ಡವರ ಕೆಲಸ. ಧನುರ್ವಾಯುವಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಕೊಡುವ ಟಿಡಿ ಲಸಿಕೆ ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯಿಂದ ಪಟ್ಟಿ ನೋಡಿಸಿ. ಆಗದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕುತ್ತಾರೆ.